ಮುನ್ಸೀಫರು ಬರೆದ ಮೊದಲ ಕಾದಂಬರಿಗಳು

ದಕ್ಷಿಣ ಭಾರತದ ಎರಡು ಭಾಷೆಗಳಲ್ಲಿ ಕಾದಂಬರಿಗೆ ಅಡಿಪಾಯ ಹಾಕಿದವರು ಮುನ್ಸೀಫ್ ನ್ಯಾಯಾಲಯಗಳ ನ್ಯಾಯಾಧೀಶರು. ತಮಿಳಿನ ಮೊದಲ ಕಾದಂಬರಿಯೆಂದು ಪರಿಗಣಿತವಾಗಿರುವ 'ಪ್ರತಾಪ ಮುದಲಿಯಾರ್ ಚರಿತ್ರಂ' (1879) ಕೃತಿಯ ಕರ್ತೃ ವೇದನಾಯಕಂ ಪಿಳ್ಳೈ. ಮಲಯಾಳಂ ಕಾದಂಬರಿಗೆ ನೆಲೆ ಒದಗಿಸಿದ 'ಇಂದುಲೇಖಾ' (1889) ಒ. ಚಂದುಮೇನೋನ್ ಅವರದು. ಇದು ಕೇವಲ ಆಕಸ್ಮಿಕವೆನ್ನಲಾಗದು. ಸಿವಿಲ್ ನ್ಯಾಯಾಂಗದ ಕೆಳಗಿನ ಮೆಟ್ಟಿಲಾದ ಮುನ್ಸೀಫ್ ಕಚೇರಿಯಲ್ಲಿ ಸಾಕ್ಷಿಗಳು ನುಡಿಯುತ್ತಿದ್ದುದು ತಾಯ್ನುಡಿಯಲ್ಲಿ. ಮೇಲಿನ ನ್ಯಾಯಾಲಯಗಳ ತೀರ್ಪು ಬರುತ್ತಿದ್ದುದು ಇಂಗ್ಲಿಷಿನಲ್ಲಿ. ಮನೆಮನೆಯ ಆಸ್ತಿ, ಮದುವೆ, ದತ್ತಕಗಳ ಜಗಳವನ್ನು ನಿತ್ಯ ಆಲಿಸುವವನಿಗೆ ಕಥಾವಸ್ತುವಿನ ಬರವಿರಲಿಲ್ಲ.

ವೇದನಾಯಕಂ ಪಿಳ್ಳೈ (1826-1889) ತಿರುಚಿನಾಪಳ್ಳಿಯ ನ್ಯಾಯಾಲಯದಲ್ಲಿ ದಾಖಲೆಪಾಲಕರಾಗಿ, ಭಾಷಾಂತರಕಾರರಾಗಿ ದುಡಿದು ಮುನ್ಸೀಫರಾದವರು. ಮಾಯವರದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ್ದರಿಂದ ಆ ಊರಿನ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಕಾದಂಬರಿಗೂ ಮುನ್ನ, 1862ರಲ್ಲಿ, ಅವರು ಸದರ್ ನ್ಯಾಯಾಲಯದ ತೀರ್ಪುಗಳನ್ನು ತಮಿಳಿನಲ್ಲಿ ಸಂಗ್ರಹಿಸಿ 'ಸಿದ್ಧಾಂತ ಸಂಗ್ರಹಂ' ಎಂಬ ಹೆಸರಿನಿಂದ ಪ್ರಕಟಿಸಿದರು. ತನ್ನನ್ನು ಆಳುವ ಕಾನೂನನ್ನು ಪ್ರಜೆ ತನ್ನ ನುಡಿಯಲ್ಲೇ ಓದಬೇಕೆಂಬ ಹಂಬಲ ಕಾದಂಬರಿಯಲ್ಲಿಯೂ ಮುಂದುವರಿಯಿತು. ಅದರ ನಾಯಕಿ ಜ್ಞಾನಾಂಬಾಳ್ ಪುರುಷವೇಷದಲ್ಲಿ ರಾಜ್ಯವಾಳುತ್ತಾಳೆ. ತಮಿಳರೇ ತುಂಬಿದ ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ವಾದಿಸುವ ವಕೀಲರು ಅಲ್ಲಿ ಕಟು ಟೀಕೆಗೆ ಗುರಿಯಾಗುತ್ತಾರೆ. ಕಥೆಯ ಹೆಣಿಗೆ ಸಡಿಲ, ಉಪಕಥೆಗಳ ಭಾರ ಹೆಚ್ಚು. ಆದರೂ ಈ ಟೀಕೆಯ ಮೊನೆ ಇಂದಿಗೂ ಮೊಂಡಾಗಿಲ್ಲ.

ಚಂದುಮೇನೋನ್ (1847-1899) ತಲಶ್ಶೇರಿಯವರು. ಗುಮಾಸ್ತಿಕೆಯಿಂದ ಮೇಲೇರಿ ಮಲಬಾರಿನ ವಿವಿಧ ಊರುಗಳಲ್ಲಿ ಮುನ್ಸೀಫರಾದರು. ಇಂಗ್ಲಿಷ್ ಕಾದಂಬರಿಗಳ ಹುಚ್ಚು ಹತ್ತಿಸಿಕೊಂಡಿದ್ದ ಅವರು ಡಿಸ್ರೇಲಿಯ ಒಂದು ಕೃತಿಯನ್ನು ಅನುವಾದಿಸಲು ಹೊರಟು, ಅದು ಸರಿಹೋಗದೆ ಸ್ವಂತ ಕಥೆಗೆ ಕೈಹಾಕಿದರು. ಪರಪ್ಪನಂಗಾಡಿಯಲ್ಲಿದ್ದಾಗ, 1889ರ ಜೂನ್‌ನಿಂದ ಆಗಸ್ಟ್‌ವರೆಗೆ, ಎರಡು ತಿಂಗಳಿಗೆ ತುಸು ಹೆಚ್ಚಿನ ಅವಧಿಯಲ್ಲಿ 'ಇಂದುಲೇಖಾ' ಮುಗಿಯಿತು. ಮೊದಲ ಮುದ್ರಣದ ಪ್ರತಿಗಳು ಮೂರು ತಿಂಗಳೊಳಗೆ ತೀರಿಹೋದವು. 1890ರಲ್ಲಿ ಬ್ರಿಟಿಷ್ ಅಧಿಕಾರಿ ಡುಮರ್ಗ್ ಅದನ್ನು ಇಂಗ್ಲಿಷಿಗೆ ತಂದರು.

ಕಥೆಯ ತಿರುಳು ಮದುವೆ. ನಾಯರ್ ಸಮುದಾಯದಲ್ಲಿ ಆಗ ಮರುಮಕ್ಕತ್ತಾಯಂ, ಅಂದರೆ ದಕ್ಷಿಣ ಕನ್ನಡದ ಅಳಿಯಸಂತಾನವನ್ನು ಹೋಲುವ ಪದ್ಧತಿ, ರೂಢಿಯಲ್ಲಿತ್ತು. ಸ್ತ್ರೀಪುರುಷರ 'ಸಂಬಂಧಂ' ಅನ್ನು ಬ್ರಿಟಿಷ್ ನ್ಯಾಯಾಲಯಗಳು ಕಾನೂನುಬದ್ಧ ವಿವಾಹವೆಂದು ಮನ್ನಿಸುತ್ತಿರಲಿಲ್ಲ. ಚಂದುಮೇನೋನರ ನಾಯಕಿ ವೃದ್ಧ ಕಾರಣವರ ಹಟಕ್ಕೂ ಸೂರಿ ನಂಬೂದಿರಿಪಾಡನ ಐಶ್ವರ್ಯಕ್ಕೂ ಮಣಿಯದೆ, ಕಾನೂನು ಓದಿದ ಮಾಧವನನ್ನೇ ವರಿಸುತ್ತಾಳೆ.

ಕಾದಂಬರಿ ಹೊರಬಂದ ಎರಡೇ ವರ್ಷಕ್ಕೆ ಅದೇ ಪ್ರಶ್ನೆ ಲೇಖಕರ ಮುಂದೆ ಸರ್ಕಾರಿ ಕಡತವಾಗಿ ಬಂದು ಕುಳಿತಿತು. 1891ರಲ್ಲಿ ನೇಮಕಗೊಂಡ ಮಲಬಾರ್ ವಿವಾಹ ಆಯೋಗಕ್ಕೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಟಿ. ಮುತ್ತುಸ್ವಾಮಿ ಅಯ್ಯರ್ ಅಧ್ಯಕ್ಷರು, ಚಂದುಮೇನೋನ್ ಸದಸ್ಯರು. ಸುಧಾರಕ ಕಾದಂಬರಿಕಾರ ಹೊಸ ಶಾಸನವನ್ನು ಬೆಂಬಲಿಸುವರೆಂದು ಎಣಿಸಿದವರಿಗೆ ಅಚ್ಚರಿ ಕಾದಿತ್ತು. ಸಂಬಂಧಂ ಈಗಾಗಲೇ ವಿವಾಹವೇ ಆಗಿದೆ, ಅದನ್ನು ವಿವಾಹವನ್ನಾಗಿ ಮಾಡಲು ಸರ್ಕಾರದ ಕಾಯ್ದೆ ಬೇಕಿಲ್ಲ ಎಂದು ಅವರು ಭಿನ್ನಮತ ದಾಖಲಿಸಿದರು. ತನ್ನ ಜನರ ದಾಂಪತ್ಯವನ್ನು ಹಾದರವೆಂಬಂತೆ ಕಾಣುವ ತೀರ್ಪುಗಳನ್ನು ಅವರು ಒಪ್ಪಲಿಲ್ಲ. ಕೊನೆಗೆ 1896ರಲ್ಲಿ ಬಂದ ಕಾಯ್ದೆ, ಇಚ್ಛೆಯುಳ್ಳವರು ಸಂಬಂಧವನ್ನು ನೋಂದಾಯಿಸಿಕೊಳ್ಳಬಹುದೆಂದಿತು. ನೋಂದಾಯಿಸಿದವರು ತೀರ ವಿರಳ.

ಕನ್ನಡದ ಮಟ್ಟಿಗೆ ಈ ಸಾಲಿಗೆ ಸೇರುವ ಹೆಸರು ಬಿ. ವೆಂಕಟಾಚಾರ್ಯ (1845-1914). ಮೈಸೂರು ಸಂಸ್ಥಾನದ ಮುನ್ಸೀಫರಾಗಿದ್ದ ಅವರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 'ದುರ್ಗೇಶನಂದಿನಿ' 1885ರಲ್ಲಿ ಬಂತು. ಬಂಕಿಮರೂ ಡೆಪ್ಯುಟಿ ಮ್ಯಾಜಿಸ್ಟ್ರೇಟರೇ ಎಂಬುದು ಇಲ್ಲಿ ಸ್ವಾರಸ್ಯ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನ್ನಲಾಗುವ 'ಇಂದಿರಾಬಾಯಿ'ಯ (1899) ಕರ್ತೃ ಗುಲ್ವಾಡಿ ವೆಂಕಟರಾಯರು ಮಾತ್ರ ನ್ಯಾಯಪೀಠದವರಲ್ಲ, ಪೊಲೀಸ್ ಇಲಾಖೆಯವರು.

ಚಂದುಮೇನೋನ್ 1892ರಲ್ಲಿ 'ಶಾರದಾ' ಎಂಬ ಎರಡನೆಯ ಕಾದಂಬರಿಯ ಮೊದಲ ಭಾಗ ಪ್ರಕಟಿಸಿದರು. ವ್ಯಾಜ್ಯ, ವಕೀಲರ ಚಾತುರ್ಯ, ಕಕ್ಷಿದಾರರ ಪರದಾಟ ಅದರಲ್ಲಿ ಮೊದಲಿನದಕ್ಕಿಂತ ಮಿಗಿಲಾಗಿ ಚಿತ್ರಿತವಾಗಿವೆ. 1899ರ ಸೆಪ್ಟೆಂಬರ್ 7ರಂದು ಅವರು ನಿಧನರಾದರು. 'ಶಾರದಾ'ದ ವ್ಯಾಜ್ಯ ತೀರ್ಪು ಕಾಣದೆ ಉಳಿಯಿತು.