ಚೆಕ್ ಎಂಜಿನ್ ದೀಪದ ಪೂರ್ವಚರಿತ್ರೆ

ಬಳಸಿದ ಕಾರೊಂದು ಕೈ ಬದಲಾದ ಕೆಲವೇ ದಿನಗಳಲ್ಲಿ ಅದರ ಡ್ಯಾಶ್‌ಬೋರ್ಡಿನ ಮೇಲೆ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಳ್ಳುವುದು, ಕೊಂಡವರು ಅದನ್ನು ಮೋಸವೆನ್ನುವುದು, ಮಾರಿದವರು ಆಕಸ್ಮಿಕವೆನ್ನುವುದು ಇಂದಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ನಿತ್ಯದ ವ್ಯಾಜ್ಯ. ಚೆಕ್ ಎಂಜಿನ್ ಲೈಟ್ ಎಂದು ಗ್ಯಾರೇಜುಗಳಲ್ಲಿ ಕರೆಯುವ ಈ ದೀಪವನ್ನು ಕಡ್ಡಾಯಗೊಳಿಸಿದ ಕಾನೂನುಗಳು ಗಮನದಲ್ಲಿಟ್ಟುಕೊಂಡಿದ್ದು ಊರಿನ ಗಾಳಿಯನ್ನೇ ಹೊರತು ಕಾರು ಕೊಳ್ಳುವವರ ಹಿತವನ್ನಲ್ಲ ಎಂಬುದನ್ನು ತಿಳಿದಾಗ ಈ ವ್ಯಾಜ್ಯದ ಸ್ವರೂಪ ಹೆಚ್ಚು ಸ್ಪಷ್ಟವಾಗುತ್ತದೆ.

ಮೋಟಾರು ವಾಹನಗಳ ಮೊದಲ ದಶಕಗಳಲ್ಲಿ ಎಂಜಿನ್ನಿನ ಸ್ಥಿತಿಯನ್ನು ಅರಿಯುವ ಹೊಣೆ ಪೂರ್ತಿಯಾಗಿ ಚಾಲಕನದಾಗಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಮಟ್ಟ ತೋರಿಸುವ ಮೀಟರ್ ಇರಲಿಲ್ಲ. ಚಾಲಕನು ಕಾರಿನಡಿ ತೂರಿ, ಎಂಜಿನ್ನಿನ ತಳದಲ್ಲಿ ಮೇಲೊಂದು ಕೆಳಗೊಂದು ಇದ್ದ ಪುಟ್ಟ ನಲ್ಲಿಗಳನ್ನು ತಿರುಗಿಸಿ, ಕೆಳಗಿನದರಿಂದಲೂ ಆಯಿಲ್ ಬಾರದಿದ್ದರೆ ಕೂಡಲೇ ತುಂಬಿಸಬೇಕಿತ್ತು. ಅದರ ಮುಂದಿನ ದಶಕದಲ್ಲಿ ರೇಡಿಯೇಟರ್ ಮುಚ್ಚಳದ ಮೇಲೆ ಕೂರಿಸುವ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕ ಜನಪ್ರಿಯವಾಗಿ, ಎಂಜಿನ್ ಕಾಯುತ್ತಿರುವುದು ಸೀಟಿನಲ್ಲಿ ಕುಳಿತಲ್ಲಿಗೇ ಕಾಣುವಂತಾಯಿತು. ಕ್ರಮೇಣ ಡ್ಯಾಶ್‌ಬೋರ್ಡಿನ ಮೇಲೆ ಮುಳ್ಳಿನ ಮೀಟರುಗಳು ಸಾಲುಗೂಡಿದವು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಆಯಿಲ್ ಒತ್ತಡ ಮತ್ತು ಬ್ಯಾಟರಿ ಚಾರ್ಜಿಂಗ್‌ನ ಮೀಟರುಗಳನ್ನು ತೆಗೆದು, ಅವುಗಳ ಜಾಗದಲ್ಲಿ ಎಚ್ಚರಿಕೆ ದೀಪಗಳನ್ನು ಇಟ್ಟಿತು. ಅಗ್ಗವೂ ಸರಳವೂ ಆದ ಈ ಏರ್ಪಾಡನ್ನು ಮುಂದೆ ಉಳಿದ ತಯಾರಕರೂ ಅನುಸರಿಸಿದರು. ಮುಳ್ಳು ನಿಧಾನವಾಗಿ ಇಳಿಯುವುದನ್ನು ನೋಡಿ ಮುಂಜಾಗ್ರತೆ ವಹಿಸುವ ಅವಕಾಶ ದೀಪದಿಂದ ತಪ್ಪಿಹೋಯಿತೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮೀಟರನ್ನು ಗಮನಿಸದೆಯೇ ಓಡಿಸುವ ಬಹುಸಂಖ್ಯಾತರಿಗೆ ಕೆಂಪು ದೀಪವೇ ಹೆಚ್ಚು ಉಪಕಾರಿಯಾಯಿತೆಂಬುದನ್ನೂ ಒಪ್ಪಬೇಕು. ಒತ್ತಡ ಇಳಿದೊಡನೆ ಸ್ವಿಚ್ಚೊಂದು ಕೂಡಿ ಬಲ್ಬು ಉರಿಯುತ್ತಿತ್ತು, ಒತ್ತಡ ಏರಿದೊಡನೆ ಆರುತ್ತಿತ್ತು; ನಡೆದುದರ ನೆನಪು ಅದರಲ್ಲಿ ಎಲ್ಲಿಯೂ ಉಳಿಯುತ್ತಿರಲಿಲ್ಲ.

ದೀಪಕ್ಕೆ ನೆನಪು ಬಂದದ್ದು ಕ್ಯಾಲಿಫೋರ್ನಿಯಾದ ಹೊಗೆಯಿಂದ. 1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ದಟ್ಟ ಮಬ್ಬು ಕವಿಯಿತು. ಅನಾನಸ್ ಹಣ್ಣಿನ ಪರಿಮಳದ ರಾಸಾಯನಿಕಗಳನ್ನು ಅಧ್ಯಯನ ಮಾಡುತ್ತಿದ್ದ, ಡಚ್ ಮೂಲದ ವಿಜ್ಞಾನಿ ಆರಿ ಹಾಗೆನ್-ಸ್ಮಿತ್ ಅದೇ ಪರಿಣತಿಯನ್ನು ನಗರದ ಗಾಳಿಯತ್ತ ತಿರುಗಿಸಿ, ವಾಹನಗಳೂ ತೈಲ ಸಂಸ್ಕರಣಾಗಾರಗಳೂ ಹೊರಬಿಡುವ ಹೈಡ್ರೋಕಾರ್ಬನ್ನುಗಳು ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸಿ ಈ ಮಬ್ಬನ್ನು ಉಂಟುಮಾಡುತ್ತವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಮೆರಿಕದ 1970ರ ಶುದ್ಧ ಗಾಳಿ ಕಾಯ್ದೆಯ ಒತ್ತಡದಿಂದ 1975ರ ಮಾದರಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಕೊಳವೆಯೊಳಗೆ ಪ್ಲಾಟಿನಮ್ ಮೊದಲಾದ ಲೋಹಗಳ ಲೇಪದ ಮೇಲೆ ವಿಷಾನಿಲಗಳನ್ನು ನಿರಪಾಯ ಅನಿಲಗಳಾಗಿ ಪರಿವರ್ತಿಸುವ ಸಾಧನ, ವ್ಯಾಪಕವಾಗಿ ಬಂತು. ಮೂರು ಬಗೆಯ ಮಾಲಿನ್ಯಗಳನ್ನು ಒಟ್ಟಿಗೆ ತಗ್ಗಿಸುವ ಅದರ ಮುಂದಿನ ರೂಪಕ್ಕೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಎಂಬ ಪ್ರಮಾಣ ಸದಾ ಬೇಕಾಗಿದ್ದು, ಅದನ್ನು ಕಾಯಲು ಆಕ್ಸಿಜನ್ ಸೆನ್ಸರ್ ಮತ್ತು ಕಂಪ್ಯೂಟರ್ ಅನಿವಾರ್ಯವಾದವು. ಜನರಲ್ ಮೋಟಾರ್ಸ್ ತನ್ನ 1981ರ ಮಾದರಿಗಳಲ್ಲಿ ಅಳವಡಿಸಿದ ಇಂಥ ಕಂಪ್ಯೂಟರ್ ದೋಷಗಳನ್ನು ಅಂಕಿಗಳಾಗಿ ನೆನಪಿಟ್ಟುಕೊಳ್ಳುತ್ತಿತ್ತು. ಮೆಕ್ಯಾನಿಕ್ ತಂತಿಯ ತುಂಡೊಂದರಿಂದ ಎರಡು ಪಿನ್ನುಗಳನ್ನು ಕೂಡಿಸಿದರೆ ಚೆಕ್ ಎಂಜಿನ್ ದೀಪವೇ ಮಿಣುಕಿ ಮಿಣುಕಿ ಆ ಅಂಕಿಗಳನ್ನು ಹೇಳುತ್ತಿತ್ತು.

ಆದರೆ ಪ್ರತಿ ತಯಾರಕನ ಸಂಕೇತವೂ ಕನೆಕ್ಟರೂ ಬೇರೆಬೇರೆಯಾಗಿದ್ದರಿಂದ ಆ ನೆನಪು ಬಹುಮಟ್ಟಿಗೆ ಕಂಪನಿಯ ಸೊತ್ತಾಗಿಯೇ ಉಳಿಯಿತು. ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ವಾಹನವೇ ತನ್ನನ್ನು ತಪಾಸಿಸಿಕೊಳ್ಳುವ ಒಬಿಡಿ ವ್ಯವಸ್ಥೆಯನ್ನು ವಿಧಿಸಿತು. ಅದರ ಎರಡನೆಯ ಆವೃತ್ತಿಯಾದ ಒಬಿಡಿ-2 1996ರ ಮಾದರಿಗಳಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗೆ 16 ಪಿನ್ನುಗಳ ಒಂದೇ ಬಗೆಯ ಕನೆಕ್ಟರ್ ಮತ್ತು ಎಲ್ಲ ಕಂಪನಿಗಳಿಗೂ ಸಮಾನವಾದ ಮೂಲ ಸಂಕೇತಗಳು ಬಂದದ್ದು ಆಗ: ಪಿ0300 ಎಂದರೆ ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯದಿರುವ ಮಿಸ್‌ಫೈರ್, ಪಿ0420 ಎಂದರೆ ಕನ್ವರ್ಟರಿನ ಸಾಮರ್ಥ್ಯ ಕುಸಿದಿರುವುದು. ಸಾಮಾನ್ಯವಾಗಿ ದೋಷವು ಎರಡು ಓಟಗಳಲ್ಲಿ ಮರುಕಳಿಸಿದ ಮೇಲಷ್ಟೇ ದೀಪ ಉರಿಯುತ್ತದೆ. ಕನ್ವರ್ಟರನ್ನೇ ಸುಡುವಂಥ ಮಿಸ್‌ಫೈರ್ ಇದ್ದಾಗ ಮಾತ್ರ ತಕ್ಷಣ ಮಿಣುಕತೊಡಗುತ್ತದೆ. ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂದು ಅಮೆರಿಕದ ಶುದ್ಧ ಗಾಳಿ ಕಾಯ್ದೆಯ 1990ರ ತಿದ್ದುಪಡಿ ವಿಧಿಸಿದ್ದು ಈ ಚರಿತ್ರೆಯ ಅತ್ಯಂತ ಮಹತ್ವದ ಹೆಜ್ಜೆ. ಬೀದಿಬದಿಯ ಗ್ಯಾರೇಜಿಗೂ ಸಂಕೇತಗಳನ್ನು ಓದುವ ಅಗ್ಗದ ಸ್ಕ್ಯಾನರ್ ಎಟಕುವಂತಾದದ್ದು ಇಂಥ ಸಮಾನ ಕನೆಕ್ಟರು ಮತ್ತು ಸಂಕೇತಗಳಿಂದಲೇ.

ಬಳಸಿದ ಕಾರಿನ ಮಾರುಕಟ್ಟೆಗೆ ಈ ಸಾಧನ ಅನಿರೀಕ್ಷಿತ ಸಾಕ್ಷಿಯಾಗಿ ಒದಗಿತು. ಕಾರಿನ ದೋಷ ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿರುವುದರಿಂದ ಬೆಲೆ ಕುಸಿದು, ಒಳ್ಳೆಯ ಕಾರುಗಳೇ ಮಾರುಕಟ್ಟೆಯಿಂದ ಹಿಂದೆ ಸರಿಯಬಲ್ಲವೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ಪ್ರಬಂಧದಲ್ಲಿ ವಿವರಿಸಿದ್ದರು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದದ್ದು ಈ ಬಗೆಯ ಅಧ್ಯಯನಕ್ಕಾಗಿ. ದೋಷಸಂಕೇತಗಳು ಆ ಅಂತರವನ್ನು ತಗ್ಗಿಸಬಹುದಿತ್ತು, ಆದರೆ ಸಾಕ್ಷಿಯನ್ನು ಅಳಿಸುವ ಉಪಾಯವೂ ಅದೇ ಸ್ಕ್ಯಾನರಿನಲ್ಲಿತ್ತು. ಸಂಕೇತಗಳನ್ನು ಅಳಿಸಿ ಕಾರು ಮಾರಿದರೆ, ಕಂಪ್ಯೂಟರ್ ತನ್ನ ಸ್ವಪರೀಕ್ಷೆಗಳನ್ನು ಮುಗಿಸುವವರೆಗೆ ದೀಪ ಆರಿಯೇ ಇದ್ದು, ಹೊಸ ಮಾಲೀಕನ ಕೈಯಲ್ಲಿ ಕೆಲವು ಓಟಗಳ ನಂತರ ಹೊತ್ತಿಕೊಳ್ಳುತ್ತದೆ. ಹಾಗೆ ಹೊತ್ತಿಕೊಂಡ ಪ್ರತಿ ದೀಪವೂ ವಂಚನೆಯ ಫಲವಲ್ಲ, ಸರಿಯಾಗಿ ಬಿಗಿಯದ ಪೆಟ್ರೋಲ್ ಟ್ಯಾಂಕಿನ ಮುಚ್ಚಳವೂ ಕೆಲವು ಕಾರುಗಳಲ್ಲಿ ಅದನ್ನು ಉರಿಸಬಲ್ಲದು. ಎಲ್ಲಕ್ಕಿಂತ ಹಳೆಯ ಉಪಾಯವೆಂದರೆ ಬಲ್ಬನ್ನೇ ಕಿತ್ತುಬಿಡುವುದು. ಕೀ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮುನ್ನ, ದೀಪ ಒಮ್ಮೆ ಉರಿದು ತೋರಬೇಕೆಂಬ ವಿನ್ಯಾಸದಿಂದಾಗಿ ಅದು ಪತ್ತೆಯಾಗುತ್ತದೆ. ಸಂಕೇತ ಅಳಿಸಿದ ಕಾರನ್ನು ಪತ್ತೆಹಚ್ಚಲು ನೆರವಾಗುವುದು ರೆಡಿನೆಸ್ ಎಂಬ ದಾಖಲೆ, ಅಂದರೆ ಯಾವ ಸ್ವಪರೀಕ್ಷೆಗಳು ಮುಗಿದಿವೆ, ಯಾವುವು ಬಾಕಿ ಇವೆ ಎಂಬ ಪಟ್ಟಿ. ಸ್ಕ್ಯಾನರಿನಿಂದ ಅಳಿಸಲಾಗದ, ದೋಷ ನಿಜವಾಗಿ ನಿವಾರಣೆಯಾದುದನ್ನು ಕಂಪ್ಯೂಟರೇ ಕಂಡುಕೊಂಡ ಮೇಲಷ್ಟೇ ಅಳಿಯುವ ಶಾಶ್ವತ ಸಂಕೇತಗಳು ಅಮೆರಿಕದಲ್ಲಿ 2010ರ ಮಾದರಿಗಳ ಸುಮಾರಿಗೆ ಬರತೊಡಗಿದವು.

ಭಾರತದಲ್ಲಿ ಒಬಿಡಿ ಬಂದದ್ದು ಭಾರತ್ ಸ್ಟೇಜ್-4 ಎಂಬ ಹೊಗೆ ಮಾನದಂಡದ ಜೊತೆಗೆ, 2010ರ ಏಪ್ರಿಲ್‌ನಲ್ಲಿ; ಮೊದಲ ಹಂತದ 13 ನಗರಗಳಲ್ಲಿ ಬೆಂಗಳೂರೂ ಒಂದು. ಒಬಿಡಿ-2 2013ರ ಏಪ್ರಿಲ್‌ನಿಂದ ಅನ್ವಯವಾಯಿತು, ಸ್ಟೇಜ್-4 ದೇಶದಾದ್ಯಂತ ಜಾರಿಯಾದದ್ದು 2017ರಲ್ಲಿ. ಇಲ್ಲಿ ಹಳೆಯ ಕಾರನ್ನು ಕೊಳ್ಳುವವರು ಸಾಮಾನ್ಯವಾಗಿ ಆರ್‌ಸಿ, ಇನ್ಶೂರೆನ್ಸ್ ಮತ್ತು ಎಮಿಷನ್ ಟೆಸ್ಟ್ ಸರ್ಟಿಫಿಕೇಟುಗಳನ್ನು ನೋಡಿ ಸಮಾಧಾನಪಡುತ್ತಾರೆ. ಆದರೆ ಆ ಸರ್ಟಿಫಿಕೇಟು ತಪಾಸಣೆಯ ಗಳಿಗೆಯಲ್ಲಿ ಸೈಲೆನ್ಸರಿನಿಂದ ಹೊರಟ ಹೊಗೆಯ ಅಳತೆ ಮಾತ್ರ. ಕಳೆದ ವಾರಗಳ ಓಟದಲ್ಲಿ ಏನಾಯಿತೆಂಬುದನ್ನು ತಿಳಿಯಲು ಹಣ ಕೊಡುವ ಮುನ್ನವೇ ಸ್ಕ್ಯಾನರ್ ಹಾಕಿಸಿ, ಸಂಕೇತಗಳ ಜೊತೆಗೆ ರೆಡಿನೆಸ್ ಪಟ್ಟಿಯನ್ನೂ ಓದಿಸಬೇಕಾಗುತ್ತದೆ.