ಫ್ಯಾನು ಬೆಲ್ಟು ಬಿಟ್ಟಾಗ
ಹಳೆಯ ಕಾರಿನಲ್ಲಿ ಫ್ಯಾನ್ ಸ್ವಿಚ್ ಯಾವುದು, ಟೆಂಪರೇಚರ್ ಸೆನ್ಸರ್ ಯಾವುದು ಎಂಬ ಗೊಂದಲಕ್ಕೆ ಮೂಲ ಎಂಜಿನ್ ಅಡ್ಡ ತಿರುಗಿದ್ದೇ ಎನ್ನಬೇಕು. ಅಂಬಾಸಡರಿನ ಫ್ಯಾನು ಬೆಲ್ಟಿನಿಂದ ಸುತ್ತುತ್ತಿತ್ತು. ಸ್ವಿಚ್ಚಿನ ಹಂಗೇ ಇರಲಿಲ್ಲ. 1969ರ ಫಿಯೆಟ್ 128, 1983ರ ಮಾರುತಿ 800ಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿತು, ರೇಡಿಯೇಟರ್ ಮುಂದೆಯೇ ಉಳಿಯಿತು. ಹಾಗಾಗಿ ಎಂಜಿನ್ನಿನ ಬೆಲ್ಟು ಫ್ಯಾನಿಗೆ ಎಟುಕದೆ ಕರೆಂಟಿನ ಫ್ಯಾನು ಬಂತು, ಬಿಸಿಯಾದಾಗ ಅದನ್ನು ಹಚ್ಚಲು ಸ್ವಿಚ್ಚೂ ಬಂತು. 1959ರ ಮಿನಿಯ ಎಂಜಿನ್ನೂ ಅಡ್ಡವೇ, ಆದರೂ ಫ್ಯಾನು ಬೆಲ್ಟಿನದಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅಲ್ಲಿ ರೇಡಿಯೇಟರನ್ನೇ ಪಕ್ಕಕ್ಕೆ ಸರಿಸಿದ್ದರು. ಮುಂದೆ ಇಂಧನದ ಇಂಜೆಕ್ಷನ್ ಬಂದು ಅದಕ್ಕೆಂದೇ ಟೆಂಪರೇಚರ್ ಸೆನ್ಸರ್ ಸೇರಿತು. ಯಾವುದು ಯಾವುದೆಂದು ತಿಳಿಯಲು ವೈರು ಎಣಿಸಿದರೆ ಸಾಲದೇ? ಸಾಲದು: ಸ್ವಿಚ್ಚಿಗೂ ಆ ಸೆನ್ಸರಿಗೂ ಎರಡೆರಡು ವೈರಿರಬಹುದು. ಮಲ್ಟಿಮೀಟರ್ ಹಿಡಿದು ನೋಡಿ: ಬಿಸಿಯೇರಿದಂತೆ ಸೆನ್ಸರಿನ ರೆಸಿಸ್ಟೆನ್ಸ್ ಮೆಲ್ಲಗೆ ಇಳಿಯುತ್ತದೆ, ತಣ್ಣಗಿರುವಾಗ ಸಂಪರ್ಕ ಕಡಿದುಕೊಂಡಿದ್ದ ಫ್ಯಾನ್ ಸ್ವಿಚ್ ಒಮ್ಮೆಲೇ ಕೂಡಿಕೊಳ್ಳುತ್ತದೆ.