ಶ್ವಾಸಕೋಶ ರಕ್ತಸ್ರಾವದ ಪ್ರಯೋಗಾಲಯ ನಿದಾನ

ಶ್ವಾಸಕೋಶದ ವಾಯುಕೋಶಗಳಲ್ಲಿ ರಕ್ತ ಸೋರಿರುವುದನ್ನು ಖಚಿತಪಡಿಸಿ ಅದರ ಕಾರಣ ಗುರುತಿಸುವ ಪರೀಕ್ಷೆಗಳ ಸಮೂಹ. ಕಫದಲ್ಲಿ ರಕ್ತ ಕಾಣದೆಯೂ ಸ್ರಾವ ನಡೆಯಬಹುದಾದ್ದರಿಂದ ಇವು ಅತ್ಯಗತ್ಯ. ಹಿಮೊಗ್ಲೋಬಿನ್ ದಿಢೀರನೆ ಇಳಿಯುವುದು ಮೊದಲ ಸುಳಿವು.

ಬ್ರಾಂಕೋಸ್ಕೋಪ್ ಮೂಲಕ ಸಲೈನ್ ಹಾಯಿಸಿ ಹಿಂದಕ್ಕೆ ಹೀರಿದ ದ್ರವದ ಪರೀಕ್ಷೆಯೇ ನಿದಾನದ ತಿರುಳು. ಒಂದೇ ಜಾಗದಿಂದ ಸಾಲಾಗಿ ತೆಗೆದ ಮಾದರಿಗಳು ತಿಳಿಯಾಗುವ ಬದಲು ಹೆಚ್ಚೆಚ್ಚು ಕೆಂಪಾದರೆ ಸ್ರಾವ ವಾಯುಕೋಶಗಳದ್ದೇ ಎಂದು ತಿಳಿಯಲಾಗುತ್ತದೆ. ಅಲ್ಲಿನ ಮ್ಯಾಕ್ರೋಫೇಜ್ ಕೋಶಗಳು ಕೆಂಪು ರಕ್ತಕಣಗಳನ್ನು ನುಂಗಿ, ಅವುಗಳ ಕಬ್ಬಿಣವನ್ನು ಸುಮಾರು 2–3 ದಿನಗಳಲ್ಲಿ ಹಿಮೊಸಿಡೆರಿನ್ ಆಗಿ ಕೂಡಿಡುತ್ತವೆ. ಜರ್ಮನಿಯ ಮ್ಯಾಕ್ಸ್ ಪರ್ಲ್ಸ್ 1867ರಲ್ಲಿ ಪ್ರಕಟಿಸಿದ ಪ್ರಷ್ಯನ್ ಬ್ಲೂ ವಿಧಾನದಲ್ಲಿ ಇದು ನೀಲಿಯಾಗಿ ಕಾಣುತ್ತದೆ. ಇಂಥ ಕೋಶಗಳು ಶೇ. 20 ಅಥವಾ ಹೆಚ್ಚಿದ್ದರೆ ರಕ್ತಸ್ರಾವಕ್ಕೆ ಬಲವಾದ ಆಧಾರ. ಆದರೆ ಮೊದಲ ದಿನ ಫಲಿತಾಂಶ ಋಣಾತ್ಮಕವಾಗಿರಬಹುದು. ಹಿಮೊಸಿಡೆರಿನ್ ವಾರಗಟ್ಟಲೆ ಉಳಿಯುವುದರಿಂದ ಹಳೆಯ ಸ್ರಾವವೂ ಪತ್ತೆಯಾಗುತ್ತದೆ. ದೀರ್ಘಕಾಲದ ಹೃದಯ ವೈಫಲ್ಯದಲ್ಲೂ ಇವೇ ಕೋಶಗಳು ಕಾಣಸಿಗುತ್ತವೆ.

ಕಾರಣ ತಿಳಿಯಲು ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಅವಧಿ, ಕ್ರಿಯಾಟಿನಿನ್, ಮೂತ್ರಪರೀಕ್ಷೆ ನಡೆಸಲಾಗುತ್ತದೆ. ಆಂಕಾ (ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ವಿರುದ್ಧದ) ಪ್ರತಿಕಾಯಗಳು ರಕ್ತನಾಳಗಳ ಉರಿಯೂತವನ್ನೂ, ಜಿಬಿಎಂ (ಮೂತ್ರಪಿಂಡದ ಗ್ಲೋಮೆರುಲಸ್‌ನ ತಳಪೊರೆ) ವಿರುದ್ಧದ ಪ್ರತಿಕಾಯಗಳು ಗುಡ್‌ಪಾಶ್ಚರ್ ರೋಗವನ್ನೂ ಸೂಚಿಸುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರವೂ ಪರಿಗಣಿಸಬೇಕಾದ ಕಾರಣ.